ಪರಿಮಳಾ ಅರ್ಧಕ್ಕೆ ಬಿಟ್ಟ ಸಿಸ್ಟಮ್

ರೊಟ್ಟಿಗೆ ಎಸರಿಟ್ಟು ಬಂದು ಮಗಳ ಲ್ಯಾಪ್‌ಟಾಪಿನ ಮುಂದೆ ಕುಳಿತೆ. ಪರಿಮಳಾ ಡೆಂಗಿ ಜ್ವರದಲ್ಲಿ ತೀರಿಹೋಗಿ ಹನ್ನೊಂದು ತಿಂಗಳು. ಸುರಪುರದಲ್ಲಿ ಡಿಪ್ಲೊಮಾ ಓದುವಾಗ ತಾನೇ ಬರೆಯುತ್ತಿದ್ದ ಆಪರೇಟಿಂಗ್ ಸಿಸ್ಟಮ್ ಒಂದನ್ನು ಪೆನ್‌ಡ್ರೈವಿನಲ್ಲಿ ಬಿಟ್ಟುಹೋಗಿದ್ದಳು.

“ಹಂಗಂದ್ರೇನವಾ?” ಎಂದು ಒಮ್ಮೆ ಕೇಳಿದ್ದೆ.

“ಮನ್ಯಾಗ ಎಲ್ಲಾರ್ಕಿಂತ ಮೊದಲ ಎದ್ದು ಎಲ್ಲಾರ್ನೂ ಕೆಲಸಕ್ಕ ಹಚ್ಚಾಕಿ ನೀನಲ್ಲೇನು? ಕಂಪ್ಯೂಟರ್‌ದಾಗ ಆ ಕೆಲಸ ಇದರದು. ನಂದು ಇನ್ನಾ ಬರೇ ಆಕಳಿಸ್ತದ,” ಎಂದು ನಕ್ಕಿದ್ದಳು.

ಅದೇ ಲ್ಯಾಪ್‌ಟಾಪಿನಲ್ಲಿ ಅವಳ ದನಿಯೂ ಇತ್ತು. ಪಾಠಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು, ನಡುನಡುವೆ “ಅವ್ವಾ, ಚಾ ಏನಾತು?” ಎಂಬ ಕೂಗು. ನನ್ನ ಗಂಡ ಅಂಬ್ರಪ್ಪ ದಿನಾ ಸಂಜೆ ಹತ್ತಿ ಮಿಲ್ಲಿನಿಂದ ಬಂದು, ಅದನ್ನು ಕೇಳಿಯೇ ಉಣ್ಣುತ್ತಿದ್ದರು. ಬೇರೆಲ್ಲೂ ಅವಳ ದನಿ ಇರಲಿಲ್ಲ.

ಅವಳು ಮಾಡಿದ್ದು ಒಮ್ಮೆ ಓಡುವುದನ್ನು ನೋಡಬೇಕೆಂದು ನನಗೆ ಆಸೆ. ಶಹಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ, ಅವಳ ಜೊತೆ ಓದಿದ ಗಯಾಸನಿಗೆ ಫೋನ್ ಮಾಡಿದೆ.

“ಅಮ್ಮಾರ, ಅದು ಕಚ್ಚಾ ಅದರಿ. ಐತಾರ ನಾ ಬರ್ತೀನಿ, ಅಲ್ಲೀತನ ಮುಟ್ಟಬ್ಯಾಡ್ರಿ.”

“ಸುಮ್ನ ನೋಡ್ತೀನಪ್ಪಾ.”

“ನಿಮ್ಮ ಮಗಳೂ ಹಿಂಗ ಅಂತಿದ್ಲು. ಸುಮ್ನ ನೋಡ್ತೀನಿ ಅಂತ ಕಾಲೇಜಿನ ಎರಡು ಕಂಪ್ಯೂಟರ್ ಮಲಗಿಸಿದ್ಲು.”

ಭಾನುವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ತಡೆಯಲಾಗಲಿಲ್ಲ. ಅವಳು ಒತ್ತುತ್ತಿದ್ದ ಗುಂಡಿ ನೋಡಿ ಕಲಿತಿದ್ದೆ, ಪೆನ್‌ಡ್ರೈವ್ ಹಚ್ಚಿ ಒತ್ತಿದೆ. ಪರದೆಯ ಮೇಲೆ ಅವಳೇ ಬರೆದ ಕನ್ನಡ ಸಾಲು ಬಂತು: ‘ಮೊದಲಿದ್ದದ್ದೆಲ್ಲ ಅಳಿಸಲೇ?’

ಹೊಸ ಜೋಳ ತುಂಬುವ ಮುಂಚೆ ಡಬ್ಬಿ ಬರಿದು ಮಾಡಿ, ಒರೆಸಿ, ಬಿಸಿಲಿಗಿಡುವ ಕೈ ನನ್ನದು. ಹಳೆಯ ಕಾಳು ಉಳಿದರೆ ಹುಳ ಬೀಳುತ್ತದೆ. ಇದೂ ಹಾಗೇ ಎಂದುಕೊಂಡು ‘ಹೌದು’ ಒತ್ತಿದೆ. ಒಂದು ಡಬ್ಬಿ ಒರೆಸಿದರೆ ಪಕ್ಕದ ಡಬ್ಬಿಗೇನಾದೀತು? ಲ್ಯಾಪ್‌ಟಾಪಿನೊಳಗೆ ಇರುವುದು ಒಂದೇ ಡಬ್ಬಿ, ಅವಳ ದನಿಯೂ ಅದರಲ್ಲೇ ಎಂದು ನನಗೆ ತಿಳಿದಿರಲಿಲ್ಲ.

ಎಂಟು ರೊಟ್ಟಿ ಬಡಿದು ಬರುವಷ್ಟರಲ್ಲಿ ಕಪ್ಪು ಪರದೆಯಲ್ಲಿ ಒಂದು ಬಿಳಿ ಗೆರೆ ಮಿಣುಕುತ್ತಿತ್ತು. ಯಾವ ಗುಂಡಿ ಒತ್ತಿದರೂ ಅಷ್ಟೇ. ಪೆನ್‌ಡ್ರೈವ್ ಕಿತ್ತು ಮತ್ತೆ ಹಚ್ಚಿದೆ. ಅದೇ ಗೆರೆ.

ಮತ್ತೆ ಗಯಾಸನಿಗೆ ಫೋನ್ ಮಾಡಿದೆ. ಅವಳ ದನಿ ಮತ್ತೆ ಸಿಗುತ್ತದೆಯೇ ಎಂದು ಕೇಳಿದೆ.

“ಬಂದ್ ಮಾಡಿಡ್ರಿ, ಅಮ್ಮಾರ. ಸಿಗ್ತದಂತ ನಾ ಹೇಳಂಗಿಲ್ಲ.”

ಸಂಜೆ ಗಂಡ ಮಿಲ್ಲಿನಿಂದ ಬಂದು ಕೈಕಾಲು ತೊಳೆದು ಕುಳಿತರು.

“ಆಕಿ ದನಿ ಹಚ್ಚು.”

ನಡೆದದ್ದೆಲ್ಲ ಹೇಳಿದೆ. ಅವರು ನನ್ನ ಮುಖ ನೋಡಲಿಲ್ಲ.

“ಬೈರಿ ನನಗ,” ಎಂದೆ.

“ಊಟಕ್ಕ ನೀಡು.”

ನೀಡಿದೆ. ಒಂದು ತುತ್ತು ತಿಂದು, “ಪಲ್ಯಾಕ್ಕ ಉಪ್ಪು ಹಾಕಿಲ್ಲೇನು?” ಎಂದರು.

ಹಾಕಿರಲಿಲ್ಲ. ಉಪ್ಪು ತರಲು ಒಳಗೆ ಹೋದೆ. ತಿರುಗಿ ಬರುವಾಗ ಅವರು ತಾಟಿನಲ್ಲಿ ಕೈ ಇಟ್ಟುಕೊಂಡೇ ಅಳುತ್ತಿದ್ದರು.