ಕೋಟೆಯ ಕಿಟಕಿ

ಹೊರಗೆ, ಕಿಟಕಿಗಳಿಗೆ ಲೋಹದ ಶಟರ್ ಹಾಕುವವನು ಮುಂಗಿಟಕಿಗೆ ಅಳತೆಪಟ್ಟಿ ಹಿಡಿದಿದ್ದ. ಒಳಗೆ ಫೋನಿನ ಸ್ಪೀಕರಿನಲ್ಲಿ ಮೈದುನ ಸುದರ್ಶನ್ ಮೆಲ್ಬರ್ನಿನ ಬಾಕ್ಸ್ ಹಿಲ್‌ನಿಂದ ಮಾತಾಡುತ್ತಿದ್ದ.

"ಒಬ್ರೇ ಇರ್ತೀರಲ್ಲ ಅತ್ತಿಗೆ. ಶಟರ್ ಇಳಿಸಿಬಿಟ್ರೆ ಒಳಗೆ ಯಾರಿದಾರೆ, ಯಾರಿಲ್ಲ, ಗೊತ್ತೇ ಆಗಲ್ಲ. ಲೈನಲ್ಲೇ ಇರ್ತೀನಿ, ಅವನು ಬಣ್ಣ ಕೇಳ್ತಾನೆ."

"ಹೂಂ," ಎಂದಳು ರುದ್ರಾಣಿ.

ಗಂಡ ಶ್ರೀನಾಥ ತೀರಿಕೊಂಡ ಮೇಲೆ ಅವಳ ಬಾಯಲ್ಲಿ ಉಳಿದಿದ್ದು ಅದೊಂದೇ. ಅವನ ಕಾರು ಮಾರೋಣವೇ ಎಂದರೆ ಹೂಂ, ಅಂಗಿಗಳನ್ನು ಕೊಟ್ಟುಬಿಡೋಣವೇ ಎಂದರೆ ಹೂಂ. ಸುದರ್ಶನ್ ಒಳ್ಳೆಯವನು, ಕೇಳದೆ ಏನೂ ಮಾಡುತ್ತಿರಲಿಲ್ಲ. 2004ರಲ್ಲಿ ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ಈ ಮನೆ ಕಟ್ಟಿಸುವಾಗ ಶ್ರೀನಾಥ ಹಟ ಹಿಡಿದಿದ್ದು ರಸ್ತೆಯತ್ತ ಚಾಚಿದ ಆ ಕಿಟಕಿಯೊಂದಕ್ಕೇ. ಸಂಜೆ ಬಸ್ಸಿಳಿದು ಬರುವಾಗ ಅದರಲ್ಲಿ ಕೂತ ಅವಳನ್ನು ಕಂಡರೆ ದೂರದಿಂದಲೇ ಬಗ್ಗಿ ಮುಜುರೆ ಮಾಡುತ್ತಿದ್ದ. "ರಾಣಿಯವರ ದರ್ಶನ ಆಯ್ತು. ಕಾಫಿ ಸಿಗುತ್ತಾ?"

ಎದುರುಮನೆಯ ಅನಸೂಯಾಳ ಮಗಳು ಅಮೂಲ್ಯಾ ಊಟದ ಮೇಜಿನ ಮೇಲೆ ಹೋಮ್‌ವರ್ಕ್ ಹರಡಿಕೊಂಡಿದ್ದಳು. ಆಂಟಿ ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮಾಡಿದವರೆಂದು ಅಮ್ಮನೇ ಅಟ್ಟಿದ್ದಳು. ಇಂಗ್ಲೆಂಡಿನಲ್ಲಿ ಐನೂರು ವರ್ಷದ ಹಿಂದೆ, ಟ್ಯೂಡರ್ ಅರಸರ ಕಾಲದ ಡ್ಯೂಕ್ ಒಬ್ಬ ಕಟ್ಟಿಸಿದ ಥಾರ್ನ್‌ಬರಿ ಕ್ಯಾಸಲ್ ರಕ್ಷಣೆಗೋ, ಭೋಗಕ್ಕೋ? ಒಂದು ಪಕ್ಷ ಹಿಡಿದು ಬರೆಯಬೇಕು.

"ಡಿಫೆನ್ಸ್ ಅಂತ ಬರ್ದೆ ಆಂಟಿ. ಕ್ಯಾಸಲ್ ಅಂದ್ರೆ ಕೋಟೆ ಅಂತ ಅಮ್ಮ ಹೇಳಿದ್ರು. ಕೋಟೆ ಅಂದ್ಮೇಲೆ ಫೈಟಿಂಗೇ ತಾನೆ?"

ರುದ್ರಾಣಿ ಪುಸ್ತಕದ ಚಿತ್ರಗಳನ್ನು ನೋಡಿದಳು. ಹೊರಗೋಡೆಯಲ್ಲಿ ಬಂದೂಕಿನ ಕಿಂಡಿಗಳು. ಒಳಗೆ, ತೋಟದ ಕಡೆ, ಹೂವಿನ ಎಸಳಿನಂತೆ ಬಾಗಿ ಬಾಗಿ ಹೊರಬಂದ ದೊಡ್ಡ ಗಾಜಿನ ಕಿಟಕಿಗಳು.

"ನಿಮ್ಮಮ್ಮ ಚಿತ್ರದುರ್ಗದವರು. ಅವರಿಗೆ ಎಲ್ಲ ಕೋಟೆನೇ!" ಇಷ್ಟುದ್ದ ಮಾತಾಡಿದ್ದು ಅವಳಿಗೇ ವಿಚಿತ್ರವೆನಿಸಿತು. "ಇಂಥ ಕಿಟಕಿ ಇಟ್ಕೊಂಡು ಯಾರಾದ್ರೂ ಯುದ್ಧ ಮಾಡ್ತಾರೇನೇ?"

"ದೆನ್ ಹೋಲ್ಸ್ ಯಾಕೆ?"

"ಹೆದರ್ಸೋಕಿರಬಹುದು. ದೊಡ್ಡಸ್ತಿಕೆಗೂ ಇರಬಹುದು."

"ಡಿಡ್ ಇಟ್ ವರ್ಕ್? ಡ್ಯೂಕ್ ಉಳ್ಕೊಂಡ್ನಾ?"

"ಇಲ್ಲ. ರಾಜ ಬಾ ಅಂದ, ಇವನೇ ಎದ್ದು ಹೋದ. ಲಂಡನ್ನಲ್ಲಿ ತಲೆ ತೆಗೆಸಿದ್ರು. ಕಟ್ಟಡ ಅರ್ಧಕ್ಕೇ ನಿಂತೋಯ್ತು."

"ಪೂರ್ ಥಿಂಗ್. ಅಟ್‌ಲೀಸ್ಟ್ ಆ ವಿಂಡೋದಲ್ಲಿ ಸ್ವಲ್ಪ ದಿನ ಕೂತಿದ್ದಿರ್ತಾನೆ," ಎನ್ನುತ್ತಾ ಅಮೂಲ್ಯಾ ಬರೆದಿದ್ದನ್ನು ರಬ್ಬರಿನಿಂದ ಉಜ್ಜತೊಡಗಿದಳು.

ಶಟರಿನವನು ಬಾಗಿಲು ತಟ್ಟಿ, ಕ್ರೀಮ್ ಬೇಕೋ ಗ್ರೇ ಬೇಕೋ ಎಂದು ಕೇಳಿದ.

"ಕ್ರೀಮ್ ಇರ್ಲಿ ಅಲ್ವಾ ಅತ್ತಿಗೆ?" ಎಂದಿತು ಫೋನು.

ಹೂಂ ಗಂಟಲವರೆಗೆ ಬಂದಿತ್ತು.

"ಬೇಡ ಸುದರ್ಶನ್."

"ಗ್ರೇನಾ ಹಾಗಾದ್ರೆ?"

"ಶಟರೇ ಬೇಡ."

"ಅಣ್ಣ ಇದ್ದಿದ್ರೂ..." ಎಂದು ಶುರು ಮಾಡಿದ ಸುದರ್ಶನ್ ಅಲ್ಲಿಗೇ ನಿಲ್ಲಿಸಿದ. "ಸರಿ. ಊಟ ಮಾಡಿ ಅತ್ತಿಗೆ," ಎಂದು ಫೋನಿಟ್ಟ.

ಅಳತೆಪಟ್ಟಿ ಸುತ್ತಿಕೊಂಡು ಶಟರಿನವನು ಹೋದ. ಅಮೂಲ್ಯಾಳೂ ಪುಸ್ತಕ ಅವಚಿಕೊಂಡು ರಸ್ತೆ ದಾಟಿದಳು. ರುದ್ರಾಣಿ ದೀಪ ಹಾಕಿ ಕಿಟಕಿಯಲ್ಲಿ ಕೂತಳು. ತಿರುವಿನಲ್ಲಿ ಸಿಟಿ ಬಸ್ಸು ನಿಂತಿತು. ಇಳಿದವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆ ಸೇರಿದರು. ಆಮೇಲೆ ಯಾರೂ ಬರಲಿಲ್ಲ.

ಕತ್ತಲು ಗಟ್ಟಿಯಾದಂತೆ ಗಾಜಿನಲ್ಲಿ ರಸ್ತೆ ಮಾಯವಾಗಿ ಅವಳ ಮುಖವೇ ಮೂಡಿತು. ರಸ್ತೆಯಲ್ಲಿ ನಿಂತವರಿಗೆ ಅವಳು ಚೆನ್ನಾಗಿ ಕಾಣುತ್ತಿರಬೇಕು. ಹಣೆಯ ಮೇಲೆ ಬಿದ್ದ ಕೂದಲನ್ನು ಸರಿಮಾಡಿಕೊಂಡು ಅವಳು ಹಾಗೇ ಕೂತಿದ್ದಳು.