ಹುಳದ ನರ, ಕೋದಂಡಪ್ಪನ ನರ

ಬಂಗಾರಪೇಟೆಗೆ ಹತ್ತಿರದ ಒಂದು ಹಳ್ಳಿ. ೧೯೬೪ನೇ ಇಸವಿ. ಕೋದಂಡಪ್ಪನ ಬದನೆ ತೋಟಕ್ಕೆ ಹುಳ ಬಿದ್ದಿತ್ತು. ಕುಡಿಗಳು ಬಾಡಿ ಜೋತುಬಿದ್ದಿದ್ದವು. ಕಾಯಿ ಕೊಯ್ದರೆ ಒಳಗೆಲ್ಲ ತೂತು. ಬೂದಿ ಎರಚಿದ, ಹುಳ ಹೋಗಲಿಲ್ಲ. ಕಡೆಗೆ ಪೇಟೆಯಿಂದ ಹೊಸ ಮದ್ದಿನ ಡಬ್ಬಿ ತಂದ. ಡಬ್ಬಿಯ ಮೇಲೆ ತಲೆಬುರುಡೆಯ ಚಿತ್ರವಿತ್ತು.

ಅವನ ಅಕ್ಕ ಕನಕಮ್ಮ ಉರಿಗಾಂನ ಆಸ್ಪತ್ರೆಯಲ್ಲಿ ನರ್ಸು. ರಜೆಗೆ ತವರಿಗೆ ಬಂದಿದ್ದಳು. ಬೆಳಿಗ್ಗೆ ತೋಟಕ್ಕೆ ಹೋಗಿ ನೋಡಿದರೆ, ತಮ್ಮ ಮೊಳಕೈವರೆಗೆ ಕೈ ಅದ್ದಿ ಮದ್ದು ಕಲಸುತ್ತಿದ್ದ.

"ಲೋ ಕೋದಂಡ, ಕೈ ತೆಗಿಯೋ! ಬುರುಡೆ ಚಿತ್ರ ಕಾಣಾಕಿಲ್ವೇನ್ಲಾ?"

"ಅದು ಉಳಕ್ಕೆ ಆಕೋ ಮದ್ದು ಕಣಕ್ಕ. ನಾನೇನು ಉಳಾನಾ? ಕುಡುದ್ರೆ ತಾನೇ ಇಸ?"

"ಚರ್ಮದಿಂದ್ಲೂ ಒಳೀಕೆ ಓಯ್ತದೆ ಅಂತ ನಮ್ ಡಾಕ್ಟ್ರು ಏಳ್ತಾರೆ."

"ನಿಮ್ ಡಾಕ್ಟ್ರು ಯಾವತ್ತಾದ್ರೂ ಬದನೆ ಬೆಳೆದವ್ರಾ?" ಕೋದಂಡಪ್ಪ ನಕ್ಕು, ಪಂಪು ಹೆಗಲಿಗೇರಿಸಿದ. ಎದುರುಗಾಳಿ ಬೀಸುತ್ತಿತ್ತು. ಹೊಡೆದ ಮದ್ದು ತಿರುಗಿ ಅವನ ಮೇಲೇ ಬಿದ್ದು, ಅಂಗಿ ನೆನೆದು ಮೈಗೆ ಅಂಟಿತು. ಕನಕಮ್ಮ ಬೈದು ಸಾಕಾಗಿ ಮನೆಗೆ ಹೋದಳು.

ಮಧ್ಯಾಹ್ನ ಹೆಂಡತಿ ನರಸಮ್ಮ ಮುದ್ದೆ ತಂದಾಗ ಅವನು ಬದುವಿನ ಮೇಲೆ ಕುಸಿದು ಕೂತಿದ್ದ. ಬೆವರು ಧಾರಾಕಾರ. ಬಾಯಿಂದ ಜೊಲ್ಲು. ತೊಡೆಯ ಮಾಂಸ ತಾನಾಗಿಯೇ ಅದುರುತ್ತಿತ್ತು. ಅವಳು ಕೂಗಿಕೊಂಡ ಸದ್ದಿಗೆ ಕನಕಮ್ಮ ಓಡಿಬಂದಳು. ತಮ್ಮನ ರೆಪ್ಪೆ ಎತ್ತಿ ನೋಡಿದಳು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು.

ಅಂಗಿ ಕಿತ್ತೆಸೆದು, ಬಾವಿಯ ನೀರು ಸುರಿದು, ಸೋಪು ಹಚ್ಚಿ ಮೈ ತೊಳೆದರು. ರಸ್ತೆಯಲ್ಲಿ ಆಂಡರ್ಸನ್‌ಪೇಟೆಗೆ ತರಕಾರಿ ಒಯ್ಯುವ ಲಾರಿ ಸಿಕ್ಕಿತು. ಡ್ರೈವರು "ಸೀಕ್ರಂ, ಸೀಕ್ರಂ" ಎಂದು ತಮಿಳಿನಲ್ಲಿ ಅವಸರಪಡಿಸುತ್ತ ತಾನೇ ಇಳಿದು ಹೆಗಲು ಕೊಟ್ಟ.

"ಆ ಡಬ್ಬೀನೂ ತಗೋ ನರಸಮ್ಮ, ಯಾವ ಮದ್ದು ಅಂತ ಡಾಕ್ಟ್ರಿಗೆ ಗೊತ್ತಾಗ್ಬೇಕು" ಎಂದಳು ಕನಕಮ್ಮ.

ಉರಿಗಾಂ ಆಸ್ಪತ್ರೆಯಲ್ಲಿ ಡಾಕ್ಟರು ಡಬ್ಬಿ ನೋಡಿದವರೇ ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಮತ್ತೊಂದು, ಮಗದೊಂದು. ಅದೆಷ್ಟು ಸಲವೋ ನರಸಮ್ಮನಿಗೆ ಲೆಕ್ಕ ತಪ್ಪಿತು. ಮಾರನೇ ಬೆಳಿಗ್ಗೆ ಕೋದಂಡಪ್ಪ ಕಣ್ಣು ಬಿಟ್ಟು ನೀರು ಕೇಳಿದ.

"ಏನಾಗಿತ್ತಕ್ಕ ನಂಗೆ?"

ಕನಕಮ್ಮ ಮಂಚದ ಅಂಚಿಗೆ ಕೂತಳು. "ಒಂದು ನರಕ್ಕೂ ಇನ್ನೊಂದಕ್ಕೂ ಮದ್ಯೆ ಸಂದು ಐತೆ ಕಣ್ಲಾ, ಕಣ್ಣಿಗೆ ಕಾಣದಷ್ಟು ಸಣ್ಣದು. ‘ಅಲ್ಲಾಡು’ ಅಂತ ಸುದ್ದಿ ಬಂದ್ರೆ ನರದ ತುದೀಲಿ ಒಂದು ರಸ ಚಿಮ್ತದೆ. ಅದು ಸಂದು ದಾಟಿ ಆ ಕಡೆ ಮುಟ್ತದೆ. ಸುದ್ದಿ ಮುಟ್ಟಿದ್ಮೇಲೆ ರಸಾನ ಅಲ್ಲೇ ಒಡೆದಾಕ್ಬೇಕು. ಇಲ್ದಿದ್ರೆ ‘ಅಲ್ಲಾಡು, ಅಲ್ಲಾಡು’ ಅಂತ ಸುದ್ದಿ ನಿಲ್ಲಾಕೇ ಇಲ್ಲ."

"ಯಾರು ಒಡಿತಾರೆ?"

"ಅದಕ್ಕೇ ಅಂತ ಮೈಯಾಗೆ ಒಂದು ವಸ್ತು ಐತೆ. ನೀನು ಕಣ್ಣು ಮಿಟುಕ್ಸೋದ್ರೊಳಗೆ ಅದರ ಕೆಲ್ಸ ಮುಗಿದಿರ್ತದೆ. ನಿನ್ ಮದ್ದು ಅದನ್ನ ಕಟ್ಟಾಕ್ಬಿಡ್ತು."

ಕೋದಂಡಪ್ಪ ತನ್ನ ಬೆರಳನ್ನು ಮಡಿಸಿದ, ಬಿಡಿಸಿದ. ಮತ್ತೆ ಮಡಿಸಿದ. ನಲವತ್ತು ವರ್ಷದಿಂದ ಮಡಿಸುತ್ತಿದ್ದ ಬೆರಳನ್ನು ಮೊದಲ ಸಲ ಕಂಡವನಂತೆ ನೋಡಿದ.

"ಉಳಕ್ಕೂ ಇಂಗೇನಾ?"

"ಉಳದ ನರದಾಗೂ ಅದೇ ರಸ. ಒಡೆಯಾದೂ ಅದೇ ತರದ್ದು."

"ಅಷ್ಟು ಸಣ್ಣ ಉಳದೊಳಗೆ ಇಷ್ಟೆಲ್ಲ ಇಟ್ಟೋರು ಯಾರಕ್ಕ?"

"ಅದು ನಮ್ ಡಾಕ್ಟ್ರಿಗೂ ಗೊತ್ತಿಲ್ಲ ಕಣ್ಲಾ" ಎಂದು ನಕ್ಕಳು. "ಸೂಜಿ ಆಕಿದ್ದು, ಆ ಸುದ್ದಿ ನಾಟದಂಗೆ ತಡೀಲಿ ಅಂತ. ರಸ ಒಡೆಯೋ ಆ ವಸ್ತು ಮೈಯಾಗೆ ಒಸದಾಗಿ ಉಟ್ಟಾಕೆ ವಾರಗಟ್ಲೆ ಬೇಕು. ಅಲ್ಲೀವರ್ಗೂ ಮದ್ದಿನ ತಾವ ಸುಳೀಬ್ಯಾಡ."

ಅವನು ತಟ್ಟನೆ ಎದ್ದು ಕೂತ. "ನರಸೀ, ಇವತ್ತು ಕಾಯಿ ಕೀಳು ಅಂತ ಪಕ್ಕದ ತೋಟದ ಬಚ್ಚಪ್ಪಂಗೆ ಏಳಿದ್ದೆ! ಮದ್ದು ಇನ್ನೂ ಕಾಯಿ ಮ್ಯಾಲೈತೆ. ತಿನ್ನೋರೂ ನನ್ನಂಗೇ ಅಲ್ವಾ? ಓಗು, ನಿಲ್ಸು!"

ನರಸಮ್ಮ ಉರಿಗಾಂ ಸ್ಟೇಷನ್ನಿಗೆ ಓಡಿ ರೈಲು ಹಿಡಿದಳು. ಬಂಗಾರಪೇಟೆಯಿಂದ ಊರಿಗೆ ನಡೆದು ತಲುಪಿದಾಗ ನಾಲ್ಕು ಮಕ್ಕರಿ ಬುಟ್ಟಿಗಳು ತುಂಬಿ ಗಾಡಿಗೇರಿದ್ದವು. ಎತ್ತು ಕಟ್ಟುವುದಷ್ಟೇ ಬಾಕಿ. ಅಷ್ಟನ್ನೂ ಇಳಿಸಿ, ಗುಂಡಿ ತೋಡಿ ಹೂತಳು. ಒಂದು ಕಾಯಿಯನ್ನೂ ಯಾರೂ ತಿನ್ನಲಿಲ್ಲ.

ಈಗ ಗಂಡ ಹೆಂಡತಿ ಮುಂಜಾನೆ ಬಾಡಿದ ಕುಡಿಗಳನ್ನು ಚಿವುಟಿ ಸುಡುತ್ತಾರೆ. ಒಮ್ಮೊಮ್ಮೆ ಕೋದಂಡಪ್ಪ ಹುಳವನ್ನು ಅಂಗೈ ಮೇಲಿಟ್ಟುಕೊಂಡು, ಅದು ಬೆನ್ನು ಬಗ್ಗಿಸಿ ಹರಿಯುವುದನ್ನು ಬೆರಗಿನಿಂದ ನೋಡುತ್ತಾನೆ. ಆಮೇಲೆ ಬೆಂಕಿಗೆ ಹಾಕುತ್ತಾನೆ. ಬೆಳೆ ಉಳಿಯಬೇಕಲ್ಲ.

ರೈತ ಅಣ್ಣಂದಿರೇ, ಅಕ್ಕಂದಿರೇ, ಮದ್ದು ಹೊಡೆಯಲೇಬೇಕಾದರೆ ಕೋಲಿನಿಂದ ಕಲಸಿ, ಕೈಯಿಂದ ಬೇಡ. ಮೈ ಮುಚ್ಚಿಕೊಳ್ಳಿ, ಗಾಳಿಗೆ ಬೆನ್ನು ಕೊಟ್ಟು ಹೊಡೆಯಿರಿ. ಸೋಪಿನಿಂದ ತೊಳೆದುಕೊಳ್ಳದೆ ಬೀಡಿಯನ್ನಾಗಲಿ ಅನ್ನವನ್ನಾಗಲಿ ಮುಟ್ಟಬೇಡಿ. ಖಾಲಿ ಡಬ್ಬಿಯಲ್ಲಿ ನೀರು ತುಂಬಬೇಡಿ. ಡಬ್ಬಿಯ ಮೇಲೆ ಹೇಳಿದಷ್ಟು ದಿನ ಕಳೆಯುವ ತನಕ ಕಾಯಿ ಕೀಳಬೇಡಿ. ಬೆವರು, ಜೊಲ್ಲು, ಅದುರುವಿಕೆ ಕಂಡರೆ ಮೈ ತೊಳೆದು, ಡಬ್ಬಿ ಸಮೇತ ಆಸ್ಪತ್ರೆಗೆ ಓಡಿ. ಆ ಮದ್ದಿಗೆ ಹುಳ ಯಾವುದು, ನೀವು ಯಾರು ಎಂದು ಗೊತ್ತಾಗುವುದಿಲ್ಲ.