ಏಳನೇ ನಲ್ಲಿ

೨೦೧೯ರ ಮಾರ್ಚ್ ೧೪, ಗುರುವಾರ, ಬೆಳಿಗ್ಗೆ ೧೦ ಗಂಟೆ ೪೦ ನಿಮಿಷ. ಚಿತಾಗಾರದ ಅಂಗಳದಲ್ಲಿ, ಶವದ ವ್ಯಾನಿನ ಬಾನೆಟ್ಟಿನ ಮೇಲೆ ಹಾಜರಿ ಪುಸ್ತಕ ಬಿಚ್ಚಿಟ್ಟುಕೊಂಡು ಮುಖ್ಯ ಎಂಜಿನಿಯರು ಸತ್ತವನ ಸಹಿ ಹಾಕುತ್ತಿದ್ದರು. ಕೊನೆಯ ಅಕ್ಷರದ ಬಾಲವನ್ನು ಎರಡು ಸುತ್ತು ಸುತ್ತಿಸಿ, ಕೆಳಗೊಂದು ಚುಕ್ಕೆಯಿಟ್ಟು, ಕತ್ತು ಓರೆ ಮಾಡಿ ನೋಡಿದರು.

"ನೋಡೋ, ಅವನೇ ಹಾಕಿದ ಹಾಗಿಲ್ವಾ?"

"ಅವನೇ ಹಾಕಿದ್ರೂ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ ಬಿಡು," ಎಂದ ಉಗ್ರಾಣದ ಮೇಲ್ವಿಚಾರಕ.

"ಕೊನೇ ಪ್ರಾಕ್ಸಿ ಕಣೋ. ನಮಗೆಲ್ಲ ಎಷ್ಟು ಹಾಕಿದ್ದ ಮಹರಾಯ!"

ಇಬ್ಬರ ಕಣ್ಣೂ ಅತ್ತು ಊದಿಕೊಂಡಿದ್ದವು. ಅತ್ತಿದ್ದೂ ನಿಜ, ಈಗ ಭುಜ ತಟ್ಟಿಕೊಂಡು ನಗುತ್ತಿದ್ದುದೂ ನಿಜ. ವ್ಯಾನಿನೊಳಗೆ ಮಲಗಿದ್ದವನೂ ಸೇರಿ ಮೂವರೂ ಒಂದೇ ಕಾಲೇಜಿನ ಒಂದೇ ತರಗತಿಯವರು; ಒಂದೇ ವರ್ಷ ಈ ನೀರು ಸರಬರಾಜು ಕಚೇರಿಗೆ ಸೇರಿದವರು. ಸತ್ತವನು ನೀರು ಪರೀಕ್ಷೆಯ ಪ್ರಯೋಗಾಲಯದ ರಸಾಯನಜ್ಞ. ಕಾಲೇಜಿನಲ್ಲಿ ಬಾರದವರ ಪರವಾಗಿ ನಾಲ್ಕು ನಮೂನೆಯ ದನಿಯಲ್ಲಿ 'ಪ್ರೆಸೆಂಟ್ ಸಾರ್' ಎನ್ನುತ್ತಿದ್ದುದರಿಂದ ಹಾಜರಪ್ಪ ಎಂಬ ಅಡ್ಡಹೆಸರು ಬಿದ್ದಿತ್ತು. ಕಚೇರಿಯಲ್ಲೂ ಅದೇ ನಿಂತಿತು.

ಅವನ ಕೈಕೆಳಗೆ ಹತ್ತೊಂಬತ್ತು ವರ್ಷ ದುಡಿದ ಸಹಾಯಕಿ ಹೆಗಲಿಗೆ ಪರೀಕ್ಷೆಯ ಚೀಲ ತೂಗುಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದಳು. ಬೆಳಗಿನ ಸುತ್ತು ಮುಗಿಸಿ ನೇರ ಇಲ್ಲಿಗೆ ಬಂದಿದ್ದಳು.

"ಏನಮ್ಮ, ಇವತ್ತಿನ ರಿಪೋರ್ಟು?" ಎಂದರು ಎಂಜಿನಿಯರು.

"ಆರು ಕಡೇದು ಆಯ್ತು ಸಾರ್. ಏಳನೇದು ಇಲ್ಲೇ." ಚಿತಾಗಾರದ ಗೋಡೆಗಿದ್ದ ನಲ್ಲಿಯ ಕಡೆ ಕೈ ತೋರಿಸಿದಳು.

"ಇವತ್ತೂ ಟೆಸ್ಟಾ? ಅವನಿದ್ದಿದ್ರೆ ಬಿದ್ದು ಬಿದ್ದು ನಗೋನು. ಪಾಯಿಂಟ್ ಐದು ಅಂತ ಬರಿ, ಹನ್ನೆರಡರೊಳಗೆ ಕಳಿಸಿಬಿಡು. ಇನ್ಮೇಲೆ ಸಹಿ ನಿಂದೇ. ಅವನ ಜಾಗಕ್ಕೆ ನಿನ್ನ ಹೆಸರೇ ಬರೀತೀನಿ ನಾನು."

ಅವಳು ತಲೆಯಾಡಿಸಿದಳು. ಹತ್ತೊಂಬತ್ತು ವರ್ಷದಿಂದ ಆಡಿ ಆಡಿ ಪಳಗಿದ ತಲೆ, ತಾನಾಗಿಯೇ ಆಡಿತು.

*

ತೊಟ್ಟಿಯಿಂದ ಹೊರಡುವಾಗ ನೀರಿಗೆ ಕ್ಲೋರಿನ್ ಬೆರೆಸುತ್ತಾರೆ. ದಾರಿಯುದ್ದಕ್ಕೂ ಕ್ರಿಮಿಗಳನ್ನು ಕೊಲ್ಲುತ್ತ ಅದು ಖರ್ಚಾಗುತ್ತ ಹೋಗುತ್ತದೆ. ಕೊನೆಯ ನಲ್ಲಿಯಲ್ಲಿ ಲೀಟರಿಗೆ ೦.೨ ಮಿಲಿಗ್ರಾಂ ಆದರೂ ಉಳಿದಿರಬೇಕು. ಏಳನೆಯದೇ ಕೊನೆಯ ನಲ್ಲಿ. ಅದೇ ಕೊಳವೆಯ ನೀರನ್ನು ಗೋಡೆಯ ಹಿಂದಿನ ನಲವತ್ತು ಮನೆಗಳು ಕುಡಿಯುತ್ತವೆ.

"ಹೆಣ ಸುಡೋ ಜಾಗಕ್ಕೆ ದಿನಾ ಯಾರಮ್ಮ ಹೋಗ್ತಾರೆ?" ಎಂದಿದ್ದ ಹಾಜರಪ್ಪ, ಅವಳು ಕೆಲಸಕ್ಕೆ ಸೇರಿದ ಮೊದಲ ವಾರ. "ಕಾಲೇಜಲ್ಲಿ ನಾವು ಪ್ರಾಕ್ಟಿಕಲ್ ಹೇಗೆ ಮಾಡ್ತಿದ್ವಿ ಗೊತ್ತಾ? ಉತ್ತರ ಮೊದಲು, ರೀಡಿಂಗ್ ಆಮೇಲೆ. ಬರಿ, ಪಾಯಿಂಟ್ ಐದು. ನಾಳೆ ನಾಲ್ಕು. ನಾಡಿದ್ದು ಆರು. ಸ್ವಲ್ಪ ಅಲ್ಲಾಡಿಸ್ತಾ ಇರ್ಬೇಕು, ಇಲ್ಲದಿದ್ರೆ ನಿಜ ಅನ್ಸಲ್ಲ."

ಅವಳು ಬರೆಯಲಿಲ್ಲ. ಎರಡು ತಿಂಗಳು ದಿನವೂ ಬಸ್ಸು ಹಿಡಿದು ಬಂದು ಅಳೆದಳು. ಅವನು ಬೈಯಲಿಲ್ಲ, 'ಫಸ್ಟ್ ಬೆಂಚ್' ಎಂದು ರೇಗಿಸಿ ಚಹಾ ತರಿಸಿ ಕೊಟ್ಟ. ಅಷ್ಟರಲ್ಲಿ ಅವಳ ಅಮ್ಮ ಆಸ್ಪತ್ರೆ ಸೇರಿದಳು. ರಜೆ ಇರಲಿಲ್ಲ.

"ಹೋಗಮ್ಮ, ತಾಯಿ ಹತ್ರ ಕೂತ್ಕೋ. ನಿನ್ನ ಹಾಜರಿ ನಾನು ಕೂಗ್ತೀನಿ."

ಒಂಬತ್ತು ದಿನ ಅವಳ ಸಹಿಯನ್ನು ಅವನೇ ಹಾಕಿದ. ಅಮ್ಮನ ಕೈ ಅವಳ ಕೈಯಲ್ಲಿ ಇದ್ದಾಗಲೇ ತಣ್ಣಗಾಯಿತು. ಆ ಭಾಗ್ಯ ಅವನು ಕೊಟ್ಟದ್ದು. ಹತ್ತನೆಯ ದಿನ ಕೆಲಸಕ್ಕೆ ಬಂದವಳು ಪುಸ್ತಕದಲ್ಲಿ ಏಳನೇ ನಲ್ಲಿಯ ಸಾಲಿಗೆ ಅಳೆಯದೆಯೇ ೦.೫ ಎಂದು ಬರೆದಳು.

ಕಳೆದ ಮಳೆಗಾಲದಲ್ಲಿ ಆ ನಲವತ್ತು ಮನೆಗಳಲ್ಲಿ ಹನ್ನೊಂದು ಜನಕ್ಕೆ ವಾಂತಿಭೇದಿಯಾಯಿತು. ಆ ವಾರ ಪುಸ್ತಕದಲ್ಲಿದ್ದದ್ದು ೦.೫, ೦.೪, ೦.೫, ೦.೬. ಎಲ್ಲವೂ ಅವಳದೇ ದುಂಡು ಅಕ್ಷರ. "ಎಲ್ಲೋ ಹಳಸಿದ್ದು ತಿಂದಿರ್ತಾರೆ ಬಿಡು," ಎಂದು ಹಾಜರಪ್ಪ ಅಂದು ಎಲ್ಲರಿಗೂ ಐಸ್ ಕ್ರೀಮ್ ಕೊಡಿಸಿದ್ದ. ಅವಳೂ ತಿಂದಿದ್ದಳು.

*

ಚಿತಾಗಾರದೊಳಗೆ ಸತ್ತವನ ನೆನಪಿನ ಮಾತುಗಳು ನಡೆದವು. ಅವನಿದ್ದರೆ ಕಚೇರಿ ಕಾಲೇಜಿನ ಕ್ಯಾಂಟೀನಿನಂತಿರುತ್ತಿತ್ತು, ಅರವತ್ತು ಸಮೀಪಿಸಿದರೂ ಇಪ್ಪತ್ತರ ಹುಡುಗನಂತಿದ್ದ, ಆ ಹುರುಪನ್ನು ನಾವೆಲ್ಲ ಉಳಿಸಿಕೊಂಡು ಹೋಗಬೇಕು ಎಂದು ಒಬ್ಬೊಬ್ಬರೂ ಹೇಳಿದರು. ಆಮೇಲೆ ಎಂಜಿನಿಯರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಹಳೆಯ ಪ್ರೊಫೆಸರರ ಠೀವಿಯಲ್ಲಿ ಹೆಣದ ಪಕ್ಕ ನಿಂತರು.

"ರೋಲ್ ನಂಬರ್ ಮೂವತ್ತೊಂದು!" ಎಂದು ಸತ್ತವನ ಕಾಲೇಜಿನ ನಂಬರನ್ನು ಕೂಗಿದರು.

"ಪ್ರೆಸೆಂಟ್ ಸಾರ್!"

ಇಪ್ಪತ್ತೈದು ಬಾಯಿಗಳು. ಒಂದು ದನಿ ಹೆಣ್ಣಿನಂತೆ, ಒಂದು ನೆಗಡಿಯಾದವನಂತೆ, ಥೇಟ್ ಅವನು ಕೂಗುತ್ತಿದ್ದ ಹಾಗೆ. ನಗು, ಬಿಕ್ಕಳಿಕೆ, ಎತ್ತಿ ಹಿಡಿದ ಫೋನುಗಳು. ಕುಲುಮೆಯ ಬಾಗಿಲು ಮೇಲೆದ್ದಾಗ ಯಾರೋ ಶಿಳ್ಳೆಯನ್ನೂ ಹೊಡೆದರು.

ಆ ಇಪ್ಪತ್ತೈದರಲ್ಲಿ ತನ್ನ ಬಾಯಿಯೂ ಒಂದು ಎಂದು ಸಹಾಯಕಿಗೆ ಕೂಗಿಯಾದ ಮೇಲೆ ಗೊತ್ತಾಯಿತು. ಎಲ್ಲರನ್ನೂ ಸರಿಸಿಕೊಂಡು, ಬಾಯಿ ಮುಕ್ಕಳಿಸಿ ಉಗಿಯಲೆಂದು ನಲ್ಲಿಯ ಕಡೆ ಓಡಿದಳು.

ಅಲ್ಲಿ ಹಾಜರಪ್ಪನ ಹೆಂಡತಿ ಮೊಮ್ಮಗಳ ಜೊತೆ ಕಟ್ಟೆಯ ಮೇಲೆ ಕೂತಿದ್ದಳು.

"ಮುಗೀತಾ ಕ್ಲಾಸು?"

"ಮುಗೀತು ಅಕ್ಕ."

"ನಾನು ಬಂಕ್ ಮಾಡಿ ಬಂದೆ." ಅವಳು ಕಟ್ಟೆಯ ಮೇಲೆ ಸರಿದು ಜಾಗ ಮಾಡಿಕೊಟ್ಟಳು. "ಕೆಟ್ಟವರಲ್ಲಮ್ಮ ನಮ್ಮನೆಯವರು. ಮಗಳು ಹುಟ್ಟಿದ ದಿನ ಆಸ್ಪತ್ರೆ ಕಾಗದದಲ್ಲಿ 'ತಂದೆ' ಅಂತ ಇದ್ದ ಕಡೆ ಸಹಿ ಹಾಕಿದ್ದು ಆ ಉಗ್ರಾಣದವನು. ಇವರಿಗೆ ಹಳೇ ಕಾಲೇಜಿನವರ ಮ್ಯಾಚು. ಸಂಜೆ ಬಂದು ಹೇಳ್ಕೊಂಡು ನಕ್ರು. ನಾನೂ ನಕ್ಕೆ. ಮೂವತ್ತು ವರ್ಷ ನಕ್ಕು ನಕ್ಕು ದವಡೆ ನೋಯ್ತಿದೆ, ಅಳೋಕೂ ಆಗ್ತಿಲ್ಲ."

ಮಗು ನಲ್ಲಿ ತಿರುಗಿಸಿ ಬೊಗಸೆಯೊಡ್ಡಿ ಬಾಯಿ ತಂದಿತು.

"ಪುಟ್ಟೀ, ತಡಿ!" ಸಹಾಯಕಿ ಆ ಪುಟ್ಟ ಕೈಗಳನ್ನು ಹಿಡಿದಳು. ನೀರು ಬೆರಳ ಸಂದಿಯಿಂದ ಸೋರಿಹೋಯಿತು.

"ಯಾಕೆ? ನಿಮ್ಮದೇ ನೀರಲ್ವಾ?"

"ನಮ್ಮದೇ ಅಕ್ಕ. ಅದಕ್ಕೇ."

ಅವಳು ಚೀಲ ಬಿಚ್ಚಿದಳು. ಎರಡು ನಿಮಿಷ ನೀರು ಹರಿಯಬಿಟ್ಟಳು. ಗಾಜಿನ ಕೊಳವೆಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಹತ್ತು ಮಿಲಿಲೀಟರಿನ ಗೆರೆಯವರೆಗೆ ತುಂಬಿ, ಮಾತ್ರೆಯೊಂದನ್ನು ಹಾಕಿ ಕಡ್ಡಿಯಿಂದ ಪುಡಿ ಮಾಡಿದಳು. ಕ್ಲೋರಿನ್ ಇದ್ದರೆ ಗುಲಾಬಿ ಬಣ್ಣ ಬರಬೇಕು.

ಎಂಜಿನಿಯರು ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದರು. ಕೊಳವೆ ಕಂಡದ್ದೇ ಮುಖ ಗಂಟಾಯಿತು.

"ಪಾಯಿಂಟ್ ಐದು ಅಂದ್ನಲ್ಲ?"

"ಅಂದ್ರಿ ಸಾರ್."

"ಇವತ್ತೊಂದಿನ ಅವನ ಮಾನ ಕಾಯೋಕಾಗಲ್ವಾ? ಬೇರೆ ಏನಾದ್ರೂ ಬರೆದ್ರೆ ಹಿಂದಿನ ಹತ್ತೊಂಬತ್ತು ವರ್ಷದ್ದೂ ಕೆದಕ್ತಾರೆ. ಮೊದಲು ನಿನ್ನನ್ನೇ ಕೇಳೋದು."

"ಕೇಳಲಿ."

"ನಿನ್ನಮ್ಮ ಸಾಯೋವಾಗ ಒಂಬತ್ತು ದಿನ ನಿನ್ನ ಸಹಿ ಹಾಕ್ದೋರು ಯಾರು? ಅಷ್ಟೂ ನೆನಪಿಲ್ವಾ?"

"ಇದೆ ಸಾರ್. ಅದನ್ನೂ ಬರೆದುಕೊಡ್ತೀನಿ."

ಎಂಜಿನಿಯರು ಹಾಜರಪ್ಪನ ಹೆಂಡತಿಯ ಕಡೆ ತಿರುಗಿದರು. ಅವಳು ಅವರತ್ತ ನೋಡಲೇ ಇಲ್ಲ. ಅವಳೂ ಮಗುವೂ ಕೊಳವೆಯನ್ನೇ ನೋಡುತ್ತಿದ್ದರು.

ಸಹಾಯಕಿ ಅದನ್ನು ವರದಿಯ ಬಿಳಿ ಹಾಳೆಗೆ ಎದುರಾಗಿ ಹಿಡಿದಳು. ಮಾತ್ರೆಯ ಪುಡಿ ತಳಕ್ಕಿಳಿಯಿತು. ಒಂದು ನಿಮಿಷ ಕಳೆಯಿತು, ಇನ್ನೊಂದೂ ಕಳೆಯಿತು. ಕೊಳವೆಯ ಹಿಂದಿನ ಹಾಳೆ ಬೆಳ್ಳಗೆ ಹಾಗೆಯೇ ಕಾಣುತ್ತಿತ್ತು. ಮಗು ಹತ್ತಿರ ಬಗ್ಗಿ, "ಅಜ್ಜಿ, ಏನೂ ಇಲ್ಲ," ಎಂದಿತು.

ಸಹಾಯಕಿ ಮೊದಲು ತನ್ನ ಸಹಿ ಹಾಕಿದಳು. ಆಮೇಲೆ ಏಳನೇ ಸಾಲು ತುಂಬಿದಳು: ಬೆಳಿಗ್ಗೆ ೧೧ ಗಂಟೆ ೫೨ ನಿಮಿಷ, ಉಳಿಕೆ ಕ್ಲೋರಿನ್ ಲೀಟರಿಗೆ ೦.೦ ಮಿಲಿಗ್ರಾಂ.